ಹಬ್ಬದ ಮರುದಿನದ ರೀಡಿಂಗ್

ಮೊನ್ನೆ ಆರ್.ಟಿ. ನಗರದ ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಮೊದಲು ನರ್ಸಮ್ಮ ತೋಳಿಗೆ ಸ್ಪಿರಿಟ್ ಒರೆಸಿದಳು. ಚರ್ಮ ತಣ್ಣಗಾಯಿತು, ಆಮೇಲೆ ವಾಸನೆ ಮೂಗಿಗೆ ಹತ್ತಿತು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಅಷ್ಟರಲ್ಲಿ ನಾನು ಯಶವಂತಪುರದ ಆಚೆ, ತುಮಕೂರು ರಸ್ತೆಯ ಹೆಂಚು ಹೊದಿಸಿದ ಪ್ರಯೋಗಾಲಯದಲ್ಲಿ ಅಕ್ಕನ ಪಕ್ಕ ನಿಂತಿದ್ದೆ...

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಅರವತ್ತರ ದಶಕದ ಶುರುವಿನಲ್ಲಿ ನಾನು ಬಿ.ಎಸ್ಸಿ. ಮುಗಿಸಿ, ಕೈಯಲ್ಲಿ ತಿರುಗಿಸುವ ಯಂತ್ರದಿಂದ ಲೆಕ್ಕ ಮಾಡಿಕೊಡುವ ಕೆಲಸಕ್ಕೆ ಅಲ್ಲಿ ಸೇರಿದೆ. ಸಂಶೋಧನೆ ಮಾಡುತ್ತಿದ್ದ ಹೆಂಗಸು ಅವರೊಬ್ಬರೇ. ತಣಿಸಂದ್ರದ ಒಕ್ಕಲು ಮನೆಯವರು. ಹೆಬ್ಬಾಳದವರೆಗೆ ನಡೆದು ಬಂದು ಬಸ್ಸು ಹಿಡಿಯುತ್ತಿದ್ದರು. ಸೀರೆಯ ಅಂಚಿಗೆ ಯಾವಾಗಲೂ ಕೆಮ್ಮಣ್ಣು. ಅದನ್ನು ಕಂಡು ಕಿಸಕ್ಕೆಂದು ನಗುವ ಗಂಡಸರೂ ಅಲ್ಲಿದ್ದರು. ಅವರ ಬುದ್ಧಿ ಅಷ್ಟಕ್ಕಷ್ಟೇ.

ಸ್ಪಿರಿಟ್ಟಿನಿಂದ ನೀರನ್ನು ಬೇರೆ ಮಾಡುವುದು ಅಕ್ಕನ ವಿಷಯ. ಕುದಿಸಿ ಭಟ್ಟಿ ಇಳಿಸಿದರೆ ಹೆಚ್ಚಿನ ನೀರು ಹೋಗುತ್ತದೆ, ಕೊನೆಯ ಸ್ವಲ್ಪ ನೀರು ಮಾತ್ರ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅದಕ್ಕೆ ಅಕ್ಕ ಎರಡು ಹಿತ್ತಾಳೆ ಬಟ್ಟಲುಗಳ ನಡುವೆ ಸೆಲ್ಲೋಫೇನ್ ಹಾಳೆ ಬಿಗಿದು, ಒಂದು ಬದಿಗೆ ಮಿಶ್ರಣ ಹಾಕಿ, ಇನ್ನೊಂದು ಬದಿಯಿಂದ ಪಂಪಿನಲ್ಲಿ ಗಾಳಿ ಎಳೆಯುತ್ತಿದ್ದರು. ಹಾಳೆಯೊಳಗಿಂದ ನೀರು ಬೇಗ ದಾಟುತ್ತದೆ, ಸ್ಪಿರಿಟ್ ಹಿಂದೆ ಉಳಿಯುತ್ತದೆ. ಎಷ್ಟು ದಾಟುತ್ತದೆ ಎಂದು ಮೊದಲೇ ಹೇಳಲು ವಿಸರಣೆಯ ಸಮೀಕರಣವಿತ್ತು. ಹಾಳೆಯ ಎರಡು ಬದಿಯ ನೀರಿನ ಪ್ರಮಾಣದ ವ್ಯತ್ಯಾಸ, ಅದರ ದಪ್ಪ, ಜೊತೆಗೆ ಆ ಹಾಳೆಗೇ ಸೇರಿದ ಒಂದು ಸಂಖ್ಯೆ, ಇಷ್ಟಿದ್ದರೆ ಲೆಕ್ಕ ಮುಗಿಯಿತು. ಮಿಶ್ರಣ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ ಎಂದು ಅಕ್ಕನ ಪಿಎಚ್.ಡಿ. ಪ್ರಬಂಧ ಹೇಳುತ್ತಿತ್ತು. ಗ್ರಾಫ್ ಹಾಕಿದರೆ ಚುಕ್ಕೆಗಳೆಲ್ಲ ನೆಟ್ಟಗೆ ಒಂದೇ ಗೆರೆಯ ಮೇಲೆ ಕೂರುತ್ತಿದ್ದವು. ಅಕ್ಕನಿಗೆ ಮಾರ್ಗದರ್ಶಕರಾಗಿದ್ದ ನಮ್ಮ ದೊಡ್ಡ ಮೇಷ್ಟ್ರಿಗೆ ನೆಟ್ಟಗಿನ ಗೆರೆ ಎಂದರೆ ಪ್ರಾಣ.

ಪಂಪು ಇನ್ನೊಂದು ವಿಭಾಗದ್ದು. ನಮಗೆ ಸಿಗುತ್ತಿದ್ದುದು ಮಧ್ಯಾಹ್ನದ ಊಟದ ಮೇಲೆ, ಸಂಜೆ ಬಸ್ಸಿನ ಹೊತ್ತಿಗೆ ವಾಪಸ್. ಒಣ ಹಾಳೆ ಬಿಗಿದರೆ ಬಿರಿಯುತ್ತದೆಂದು ಅಕ್ಕ ಬೆಳಿಗ್ಗೆ ಬಂದವರೇ, ದೋಸೆಗೆ ಅಕ್ಕಿ ನೆನೆಹಾಕುವ ಹಾಗೆ, ಹಾಳೆಗಳನ್ನು ನೀರಿನಲ್ಲಿ ನೆನೆಹಾಕುತ್ತಿದ್ದರು. ಪಂಪು ಬಂದ ಕೂಡಲೇ ಬಿಗಿದು, ಬಸ್ಸಿಗೆ ಮೊದಲು ರೀಡಿಂಗ್ ಮುಗಿಸುತ್ತಿದ್ದರು. ವರ್ಷಗಟ್ಟಲೆ ಹಾಗೇ ನಡೆಯಿತು.

ಪ್ರಬಂಧ ಟೈಪಾಗಿತ್ತು. ವಿದ್ಯಾರ್ಥಿವೇತನ ಆ ವರ್ಷಕ್ಕೆ ಕೊನೆ. ಪದವಿ ಬಂದರೆ ಅಲ್ಲೇ ಕೆಲಸ ಖಾಯಂ, ಇಲ್ಲದಿದ್ದರೆ ಓದು ಬಿಟ್ಟು ಮದುವೆ. ಅವರ ಅಣ್ಣ ಒಮ್ಮೆ ಪ್ರಯೋಗಾಲಯದ ಗೇಟಿನಲ್ಲಿ, ನನ್ನ ಎದುರಿಗೇ ಹೇಳಿದ್ದರು: "ಈ ಸಲ ಮುಗೀತದೆ, ಮುಂದಿನ್ ಸಲ ಮುಗೀತದೆ ಅಂತ ಇಂಗೇ ಏಳ್ತಾ ಇದ್ರೆ ನಿನ್ಗೆ ಗಂಡು ಎಲ್ಲಿಂದ ತರ್ಲವ್ವ?" ಕೆಟ್ಟ ಮನುಷ್ಯನಲ್ಲ, ಸಾಕಾಗಿ ಹೋಗಿತ್ತು ಅಷ್ಟೆ.

ಆ ಸಲದ ಆಯುಧಪೂಜೆಯ ಹಿಂದಿನ ಮಧ್ಯಾಹ್ನ ಅಕ್ಕ ಹಾಳೆ ಬಿಗಿದು ಮಿಶ್ರಣ ಹಾಕಿದರು. ಅಷ್ಟರಲ್ಲಿ ಪಂಪಿನವರು ಬಂದು ಪಂಪನ್ನು ತೊಳೆದು ಪೂಜೆಗೆ ಇಡಬೇಕು ಎಂದರು. ಮಿಶ್ರಣ ಹಾಕಿದ ಹಾಗೇ ಇದ್ದ ನಮ್ಮ ಬಟ್ಟಲುಗಳಿಗೂ ಕುಂಕುಮ, ಚೆಂಡುಹೂವು ಬಿದ್ದವು. ಪೂಜೆಗೆ ಇಟ್ಟಿದ್ದನ್ನು ವಿಜಯದಶಮಿ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಹಬ್ಬದ ಮರುದಿನ ಬಂದು ಹೂವು ತೆಗೆದು, ಅದೇ ಹಾಳೆಯ ಮೇಲೆ ಪಂಪು ಹಾಕಿದೆವು. ದಾಟಿದ ನೀರು ಎಂದಿನ ಅರ್ಧವೂ ಇರಲಿಲ್ಲ.

ಎಲ್ಲೋ ಸೋರುತ್ತಿದೆ ಎಂದುಕೊಂಡೆ ನಾನು. ಅಕ್ಕ ಹಾಳೆ ಬಿಚ್ಚಿ ಬೆರಳಲ್ಲಿ ಮುಟ್ಟಿ ನೋಡಿದರು. ಅದು ತೆಳ್ಳಗಾಗಿತ್ತು. ಅಷ್ಟು ದಿನ ಸ್ಪಿರಿಟ್ಟಿನಲ್ಲಿದ್ದು, ಕುಡಿದಿದ್ದ ನೀರನ್ನೆಲ್ಲ ಕಕ್ಕಿತ್ತು. ಅಕ್ಕ ಹಾಳೆಯನ್ನು ಬೆಳಕಿಗೆ ಹಿಡಿದರು.

"ನಾವು ಯಾವತ್ತೂ ಊದಿದ ಹಾಳೇನೇ ಅಳೀತಾ ಇದ್ವಿ ಕಣೆ. ಅದು ಮಿಶ್ರಣಕ್ಕೆ ಹೊಂದ್ಕೊಳ್ಳೋಕೆ ಬಿಟ್ಟೇ ಇಲ್ಲ."

ಸಂಖ್ಯೆ ಒಂದೇ ಆಗಿ ಬರುತ್ತಿದ್ದುದು, ಹಾಳೆ ಪ್ರತಿದಿನ ಒಂದೇ ಥರ ನೆನೆದಿರುತ್ತಿದ್ದುದರಿಂದ. ನಿಜವಾಗಿ ಮಿಶ್ರಣ ಬದಲಾದಂತೆ ಹಾಳೆ ಊದುವುದು ಬದಲಾಗುತ್ತದೆ, ಸಂಖ್ಯೆಯೂ ಬದಲಾಗುತ್ತದೆ. ಆ ಬದಲಾವಣೆಯನ್ನೂ ಸೇರಿಸಿ ಸಮೀಕರಣವನ್ನು ಬಿಡಿಸಬೇಕಾದರೆ ಎಲ್ಲ ಪ್ರಯೋಗಗಳನ್ನೂ ಮೊದಲಿನಿಂದ ಮಾಡಬೇಕು. ಅದಕ್ಕೆ ಕಡಿಮೆಯೆಂದರೂ ಇನ್ನೊಂದು ವರ್ಷ.

ದೊಡ್ಡ ಮೇಷ್ಟ್ರು ಕನ್ನಡಕ ಒರೆಸುತ್ತಾ, "ಹಬ್ಬದ ರೀಡಿಂಗ್ ಒಂದನ್ನ ಬಿಟ್ಬಿಡಮ್ಮ, ಯಾರು ಕೇಳ್ತಾರೆ?" ಎಂದರು. ಅವರಿಗೆ ಅಕ್ಕನ ಮೇಲೆ ಅಭಿಮಾನವಿತ್ತು, ಇಲ್ಲವೆನ್ನಲಾರೆ. ಬಿಟ್ಟುಬಿಡಿ ಎಂದು ನಾನೂ ಗೋಗರೆದೆ. ಅಕ್ಕ ಇನ್ನೊಂದು ವರ್ಷ ಕೇಳಿ ಅರ್ಜಿ ಹಾಕಿದರು. ಆಗುವುದಿಲ್ಲವೆಂಬ ಉತ್ತರ ಬಂತು. ಟೈಪಾಗಿದ್ದ ಪ್ರಬಂಧವನ್ನು ಹಾಗೇ ಕೊಡಲು ಅವರು ಒಪ್ಪಲೇ ಇಲ್ಲ. ಕೊನೆಯ ದಿನ ಬಟ್ಟಲು ತೊಳೆದಿಟ್ಟು ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿದರು. ಗೇಟಿನ ಹತ್ತಿರ ಅಣ್ಣ ಸೈಕಲ್ ಹಿಡಿದು ಕಾಯುತ್ತಿದ್ದರು...

ಆಮೇಲಿನದು ಹೇಳಲು ಹೊಟ್ಟೆ ಉರಿಯುತ್ತದೆ. ಆ ವಿಷಯ ಬೇರೊಬ್ಬನಿಗೆ ಹೋಯಿತು. ಅವನೂ ಬೆಳಿಗ್ಗೆ ನೆನೆಹಾಕಿ ಸಂಜೆ ರೀಡಿಂಗ್ ತೆಗೆದ, ನೆಟ್ಟಗಿನ ಗೆರೆ ಎಳೆದ, ಪದವಿ ಪಡೆದ.

ಕೆಲವು ವರ್ಷಗಳ ನಂತರ ಯಶವಂತಪುರ ಸ್ಟೇಷನ್ನಿನಲ್ಲಿ ಅಕ್ಕ ಸಿಕ್ಕರು. ಸೊಂಟದಲ್ಲಿ ಒಂದು ಮಗು, ಸೆರಗು ಹಿಡಿದು ಇನ್ನೊಂದು. ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಕೇಳಿ, "ಅಯ್ಯೋ, ಒಂದೆರಡ್ ದಿನ ತಡ್ದು ನೋಡ್ಬಾರ್ದಾಗಿತ್ತಾ ಅವ್ನು?" ಎಂದರು. ಅವನ ಪದವಿಯ ಬಗ್ಗೆ ಒಂದು ಮಾತಿಲ್ಲ. ನೀವು ಹೇಳಿದ್ದೇ ಸರಿ ಎಂದು ಈಗ ಹೊರದೇಶದ ಪತ್ರಿಕೆಗಳಲ್ಲೂ ಬರುತ್ತಿದೆ ಅಕ್ಕ, ಎಂದೆ. "ಹೌದಾ?" ಎಂದು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡರು. ರೈಲು ಬಂತು.

ಕ್ಲಿನಿಕ್ಕಿನಿಂದ ಬಂದ ವಾರವೇ ಆಟೋ ಮಾಡಿಕೊಂಡು ತಣಿಸಂದ್ರಕ್ಕೆ ಹೋದೆ. ಹೊಲವಿದ್ದ ಕಡೆಯೆಲ್ಲ ಅಪಾರ್ಟ್‌ಮೆಂಟು. ಅಣ್ಣನ ಹೆಸರು ಹೇಳಿ ಕೇಳುತ್ತಾ ಹೋಗಿ ಕೊನೆಗೆ ಅಕ್ಕನ ಮೊಮ್ಮಗನನ್ನು ಹಿಡಿದೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು ಎಂದ. ಒಳ್ಳೆಯ ಹುಡುಗ, ಕಾಫಿ ಕೊಡಿಸಿದ. ನಿಮಗೆ ಅಜ್ಜಿ ಹೇಗೆ ಪರಿಚಯ ಎಂದು ಕೇಳಿದ. ಪ್ರಯೋಗಾಲಯ, ಸಂಶೋಧನೆ ಎಂದೆಲ್ಲ ಹೇಳತೊಡಗಿದೆ. ಅವನು ನನ್ನ ಮುಖವನ್ನೇ ನೋಡಿದ.

"ಬೇರೆ ಯಾರೋ ಇರ್ಬೇಕು ಆಂಟಿ. ನಮ್ಮಜ್ಜಿ ಕಾಲೇಜ್‌ಗೆಲ್ಲಾ ಹೋದೋರಲ್ಲ. ಹೋಗಿದ್ರೆ ನಮ್ಗೆ ಹೇಳ್ತಿರ್ಲಿಲ್ವಾ?"