ಅರ್ಧ ಗಂಟೆಯ ಸೀಮೆಸುಣ್ಣ

ಅಂಕಲ್ ಅವರ ಎಡ ಮುಂಗೈ ಮೇಲೆ ಒಗ್ಗರಣೆ ಸಿಡಿದಂಥ ಬಿಳಿ ಚುಕ್ಕೆಗಳಿದ್ದವು. ವೆಲ್ಡಿಂಗ್ ಕಿಡಿಗಳ ಗುರುತು. ಶಿಕಾಗೋ ಬಳಿಯ ಲೊಂಬಾರ್ಡ್‌ನಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿದ್ದ ಈ ಧಾರವಾಡ ಕಡೆಯ ಹಿರಿಯರು ಅಮೆರಿಕಕ್ಕೆ ಓದಲು ಬಂದವರು. ಎರಡನೇ ಮಹಾಯುದ್ಧ ಶುರುವಾಗಿ ಊರಿಗೆ ಮರಳಲಾಗದೆ, ಇಲಿನಾಯ್ ನದಿ ದಡದ ಹಡಗು ಕಟ್ಟುವ ಯಾರ್ಡೊಂದರಲ್ಲಿ ಕೆಲಸಕ್ಕೆ ಸೇರಿದ್ದರು. ಸಮುದ್ರವೇ ಕಾಣದ ಮೆಕ್ಕೆಜೋಳದ ಹೊಲಗಳ ನಡುವೆ ಯುದ್ಧದ ಹಡಗು ಕಟ್ಟುತ್ತಿದ್ದರಂತೆ. ಆ ಪುಟ್ಟ ಊರಲ್ಲಿ ಜಾಗ ಸಾಲದೆ ಒಂದೇ ಹಾಸಿಗೆಯಲ್ಲಿ ಪಾಳಿಯ ಮೇಲೆ ನಿದ್ದೆ. ಒಬ್ಬ ಎದ್ದುಹೋದ ಬಿಸಿ ಆರುವ ಮುನ್ನ ಇನ್ನೊಬ್ಬ. ಹಾಸಿಗೆಗೆ ಒಮ್ಮೆ ಇಬ್ಬರು ಎನ್ನುತ್ತಿದ್ದರು, ಇನ್ನೊಮ್ಮೆ ಮೂವರು. ಎರಡನ್ನೂ ದಿನಚರಿಯಲ್ಲಿ ಬರೆದುಕೊಂಡು ಅವರ ನೆನಪಿನ ಮೇಲೆ ಸಿಡುಕುತ್ತಿದ್ದೆ. ನನ್ನ ನೆನಪೂ ಅಷ್ಟೇ ಎಂದು ಆಗ ಗೊತ್ತಿರಲಿಲ್ಲ.

ಮೊದಲು ವೆಲ್ಡಿಂಗ್, ಆಮೇಲೆ ಅವರಿಗೆ ಬೆಸುಗೆ ಪರೀಕ್ಷಿಸುವ ಕೆಲಸ. ಹೊರಮೈಗೆ ಸೀಮೆಸುಣ್ಣದ ನೀರು ಬಳಿದು ಒಣಗಿಸಿ, ಒಳಗಿನಿಂದ ಸೀಮೆಎಣ್ಣೆ ಸವರಿ, ಅರ್ಧ ಗಂಟೆ ಕಾಯಬೇಕು. ಕಣ್ಣಿಗೆ ಕಾಣದ ತೂತಿದ್ದರೂ ಬಿಳಿಯ ಮೇಲೆ ಎಣ್ಣೆ ಕಲೆ ಮೂಡುತ್ತದೆ. "ನೀರಿಗೆ ಬಿಟ್ಟ ಮ್ಯಾಲೆ ತೂತು ಹುಡುಕಾಕ ಹೋಗಬಾರ್ದವಾ," ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸುತ್ತಲಿನ ಕನ್ನಡದ ಮನೆಗಳೆಲ್ಲ ಸೇರಿ ಚರ್ಚೊಂದರ ಹಾಲ್‌ನಲ್ಲಿ ಗಣೇಶನ ಹಬ್ಬ ಇಟ್ಟುಕೊಂಡೆವು. ಉಸ್ತುವಾರಿ ನನ್ನದು. ಮರದ ನೆಲ ಹಾಳಾದರೆ ಮತ್ತೆ ಹಾಲ್ ಇಲ್ಲವೆಂದು ಚರ್ಚಿನವರು ಮೊದಲೇ ಹೇಳಿದ್ದರು. ಬೇರೆ ಕಡೆ ನಮಗೆ ಜಾಗ ಕೊಡುವವರೂ ಇರಲಿಲ್ಲ. ಗಣಪತಿ ಬಿಡಲು ನಮ್ಮ ಗುಂಪಿನ ಇಂಜಿನಿಯರೊಬ್ಬರು ತಗಡಿನ ತೊಟ್ಟಿ ಮಾಡಿಸಿ ತಂದರು.

ಅಂಕಲ್ ಅದಕ್ಕೆ ಸುಣ್ಣ, ಎಣ್ಣೆ ಎರಡೂ ಹಚ್ಚಿದರು. "ತಂಗಿ, ಅರ್ಧಾ ತಾಸು ಯಾರೂ ಮುಟ್ಟಬ್ಯಾಡ್ರಿ," ಎಂದು, ಧೋತರ ಉಟ್ಟು ಬರಲು ಮನೆಗೆ ಹೋದರು.

ಹತ್ತು ನಿಮಿಷವಾಗಿರಬೇಕು. ಜನ ಬರತೊಡಗಿದರು. ಪಾಯಸದ ಪಕ್ಕದಲ್ಲೇ ಸೀಮೆಎಣ್ಣೆ ವಾಸನೆ. ಬಟ್ಟೆ ತಂದು ಒಳಗೂ ಹೊರಗೂ ಒರೆಸಿಬಿಟ್ಟೆ. ಮೂಲೆಯಲ್ಲಿ ಕಡಲೆಕಾಳಿನಷ್ಟು ಕಲೆ ಇತ್ತೇ? ಇತ್ತು ಎಂದು ಈಗ ಅನ್ನಿಸುತ್ತದೆ. ಅಂದಿನ ದಿನಚರಿಯಲ್ಲಿ ಬಟ್ಟೆಯ ಮಾತೇ ಇಲ್ಲ.

"ಏನಾತು?" ಅರ್ಧ ಗಂಟೆ ಕಳೆದು ಅಂಕಲ್ ಬಂದು ಕೇಳಿದರು.

"ಏನೂ ಕಾಣ್ಲಿಲ್ಲ ಅಂಕಲ್. ಚೆನ್ನಾಗಿದೆ."

ಆರತಿ ಮುಗಿಯುವಷ್ಟರಲ್ಲಿ ತೊಟ್ಟಿಗೆ ತುಂಬಿದ ನೀರು ಸೋರಿ ಕುರ್ಚಿಗಳ ಕೆಳಗೆಲ್ಲ ಹರಿದಿತ್ತು. ಮರುದಿನ ನೆಲದ ಹಲಗೆ ಉಬ್ಬಿತು, ಹಾಲ್ ಕೈತಪ್ಪಿತು. ತೊಟ್ಟಿ ತಂದ ಇಂಜಿನಿಯರ್ ಎಲ್ಲರೆದುರು ನಕ್ಕರು: "ಏನ್ ಅಂಕಲ್, ಅಂಥಾ ಹಡಗೆಲ್ಲಾ ಪಾಸ್ ಮಾಡ್ದೋರು, ಒಂದು ಟ್ಯಾಂಕ್ ನೋಡಕ್ಕಾಗ್ಲಿಲ್ವಾ? ಯುದ್ಧ ಅದ್ಹೇಗೆ ಗೆದ್ರೋ!"

ಅಂಕಲ್ ನನ್ನತ್ತ ನೋಡಲಿಲ್ಲ. "ಕಣ್ಣು ಮಂಜಾಗ್ಯಾವ ಬಿಡ್ರಿ."

ಆ ಮಾತಿಗೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಇದ್ದದ್ದು ಹೇಳಲು ಅವರಿಗೇನು ಕಷ್ಟವಿತ್ತು? ಜಗಳವಾಡಿದ್ದರೆ ನಾನು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೇನೋ. ಆಮೇಲೆ ಸೋರುವ ನಲ್ಲಿ ನೋಡಲು ಕೂಡ ಯಾರೂ ಅವರನ್ನು ಕರೆಯಲಿಲ್ಲ; ಮೊದಲು ಎಲ್ಲಕ್ಕೂ ಅವರೇ ಬೇಕಿತ್ತು. ಹಬ್ಬಗಳಿಗೆ ಬರುವುದನ್ನು ಬಿಟ್ಟರು. ಮೆಟ್ಟಿಲಲ್ಲಿ ಸಿಕ್ಕಾಗ ನಾನು ಚಳಿಯ ಮಾತಾಡಿ ಮೇಲೆ ಹತ್ತುತ್ತಿದ್ದೆ. ಹೀಗೇ ವರ್ಷಗಟ್ಟಲೆ.

ಅವರು ಆಸ್ಪತ್ರೆ ಸೇರಿದ ಮೇಲೆ ಹೋಗಿ ಎಲ್ಲ ಹೇಳಿದೆ.

"ಗೊತ್ತದ ತಂಗಿ. ಅರ್ಧಾ ತಾಸಿನ್ಯಾಗ ಕಾಣದ ತೂತು ಅಷ್ಟು ನೀರು ಬಿಡೂದಿಲ್ಲ."

"ಮತ್ತೆ ಯಾಕೆ ಸುಮ್ನಿದ್ರಿ ಅಂಕಲ್?"

"ಯಾರ್ಡಿನ್ಯಾಗ ಕಲೆ ಬಿದ್ರ, ಯಾರದಂತ ನಾವು ಕೇಳ್ತಿರಲಿಲ್ಲ. ಬೆಸುಗಿ ಹಾಕಿದವರು ತಾವಾಗೇ ಮುಂದ ಬಂದು 'ನಂದು' ಅಂತಿದ್ರು. ಬೆಸುಗಿ ಕೆಲಸದ ಹೆಣ್ಣುಮಕ್ಕಳು ಇನ್ನೂ ಲಗೂನ ಬರ್ತಿದ್ರು. ನೀನೂ ಬರ್ತಿ ಅಂತ ಕಾದೆ."

"ಈಗ ಬಂದಿದೀನಲ್ಲ."

"ನನ್ನ ಹತ್ರ ಯಾಕವಾ? ನನಗ ಗೊತ್ತಿತ್ತು."

ವಾರದೊಳಗೆ ತೀರಿಕೊಂಡರು. ಸಂತಾಪಕ್ಕೆ ಎಲ್ಲರೂ ಒಬ್ಬರ ಮನೆಯಲ್ಲಿ ಸೇರಿದ್ದೆವು. ಆ ಇಂಜಿನಿಯರ್ ಪ್ರೀತಿಯಿಂದಲೇ ತೊಟ್ಟಿಯ ಕಥೆ ತೆಗೆದರು. ಜನ ಮೆಲ್ಲಗೆ ನಕ್ಕರು. ನಾನು ಎದ್ದು ನಿಂತೆ. ನಗು ನಿಂತು ಎಲ್ಲರೂ ನನ್ನ ಕಡೆ ನೋಡಿದರು.

"ಕಾಫಿ ಯಾರ್ಯಾರಿಗೆ ಬೇಕು?" ಎಂದು ಕೇಳಿದೆ.