ಕೊನೆಯ ಹದಿನೆಂಟು ಮೀಟರ್

ಶನಿವಾರ ಬೆಳಗ್ಗೆ ಎಂಟಕ್ಕೆ, ಕಾಫಿ ಬರುವ ಹೊತ್ತಿಗೆ, ಸಿಗ್ವೆಯ ಎಡ ಮೊಣಕಾಲು ನೋಯತೊಡಗಿತು. ಜೋರಾದ ನೋವೇನಲ್ಲ. ಒಳಗೆ ಯಾರೋ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಡದೆ ಕೂತಂತೆ. ಮೇಲಿನ ಮಂಚದಿಂದ ಇಳಿಯುವಾಗ ಏಣಿ ತಾಗಿರಬೇಕು ಎಂದುಕೊಂಡ. ತಾಗಿರಲಿಲ್ಲ ಎಂದು ಅವನಿಗೇ ಗೊತ್ತಿತ್ತು.

ಹಡಗು ಹಿಂದಿನ ಸಂಜೆಯೇ ಹೌಗೆಸುಂದ್ ಬಂದರಿಗೆ ಬಂದು ಕಟ್ಟೆಗೆ ತಾಗಿ ನಿಂತಿತ್ತು. ಅದರ ಹೊಟ್ಟೆಯಲ್ಲಿ ಬಿಳಿ ಬಣ್ಣ ಬಳಿದ ಉಕ್ಕಿನ ಕೋಣೆ. ಮುಳುಗುಗಾರರು ಅದನ್ನು ಡಬ್ಬಿ ಎನ್ನುತ್ತಾರೆ. ಡಬ್ಬಿಯೊಳಗೆ ಹದಿನಾರು ದಿನದಿಂದ ಮೂವರಿದ್ದರು: ಸಿಗ್ವೆ, ಕಡಲಾಚೆಯ ಪೀಟರ್‌ಹೆಡ್‌ನ ಡೂಗಲ್, ಮತ್ತು ಸಿಕ್ಕಲ್ಲೆಲ್ಲ ನಿದ್ದೆ ಮಾಡುವ ಎಸ್ಪೆನ್. ನೂರಿಪ್ಪತ್ತು ಮೀಟರ್ ಆಳದ ಒತ್ತಡದಲ್ಲೇ ಉಂಡು, ಮಲಗಿ, ದಿನಕ್ಕೊಮ್ಮೆ ಹಡಗಿನಿಂದ ಇಳಿಬಿಡುವ ಉಕ್ಕಿನ ಗುಂಡಿನೊಳಗೆ ಕೂತು ಕಡಲ ತಳಕ್ಕಿಳಿದು, ಎಣ್ಣೆ ಕೊಳವೆಯ ಕವಾಟ ಬದಲಿಸಿ, ಮತ್ತೆ ಅದೇ ಒತ್ತಡಕ್ಕೆ ಮರಳುತ್ತಿದ್ದರು. ಕೆಲಸ ಮುಗಿದದ್ದು ಮಂಗಳವಾರ. ಅಂದಿನಿಂದ ಹೊರಗಿನವರು ಒತ್ತಡವನ್ನು ಮೆಲ್ಲಗೆ ಇಳಿಸುತ್ತ ಬಂದಿದ್ದರು. ಮೊದಲು ತುಸು ಬೇಗ, ಕೊನೆಕೊನೆಗೆ ಇರುವೆ ನಡೆದಂತೆ. ಅವಸರಪಟ್ಟು ಬಾಗಿಲು ತೆರೆದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ರಕ್ತದಲ್ಲಿ ನೊರೆಯೆದ್ದು ಮೂವರೂ ಸಾಯುತ್ತಾರೆ. ಈಗ ಉಳಿದಿದ್ದದ್ದು ಹದಿನೆಂಟು ಮೀಟರ್ ಆಳದಷ್ಟು ಒತ್ತಡ. ಕಟ್ಟೆಯ ಮೇಲೆ ಜನ ಐಸ್‌ಕ್ರೀಮ್ ತಿನ್ನುತ್ತ ಅಡ್ಡಾಡುತ್ತಿದ್ದರು. ಅವರಿಗೂ ಸಿಗ್ವೆಯ ಮಂಚಕ್ಕೂ ನಡುವೆ ಇಪ್ಪತ್ತು ಹೆಜ್ಜೆ ಇದ್ದೀತು. ಆ ಇಪ್ಪತ್ತು ಹೆಜ್ಜೆಗೆ ಇಪ್ಪತ್ತೆರಡು ತಾಸು ಬೇಕಿತ್ತು.

ಭಾನುವಾರ ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯಬೇಕು. ಹನ್ನೊಂದಕ್ಕೆ ಕೊಪರ್ವಿಕ್ ಚರ್ಚಿನಲ್ಲಿ ಮಗಳು ಸುನ್ನಿವಾಳ ದೃಢೀಕರಣ, ಹರೆಯಕ್ಕೆ ಬಂದ ಮಕ್ಕಳು ಎಲ್ಲರೆದುರು ತಮ್ಮ ನಂಬಿಕೆಯನ್ನು ಒಪ್ಪಿಕೊಳ್ಳುವ ವಿಧಿ. ಹೊರಬಂದವರು ಒಂದು ದಿನ ಡಬ್ಬಿಯಿಂದ ದೂರ ಹೋಗುವಂತಿಲ್ಲ ಎಂಬ ನಿಯಮವಿದೆ. ಆದರೆ ಕೊಪರ್ವಿಕ್ ಕಾರಿನಲ್ಲಿ ಅರ್ಧ ಗಂಟೆಯ ದಾರಿ, ಅಷ್ಟಕ್ಕೆ ಒಪ್ಪಿಗೆ ಸಿಕ್ಕಿತ್ತು. ಅವನ ಕೋಟು ಕಾರಿನ ಹಿಂದಿನ ಸೀಟಿನಲ್ಲಿ ಇಸ್ತ್ರಿಯಾಗಿ ತೂಗುತ್ತಿತ್ತು. ಭಾಷಣ ಬರೆದ ಕಾಗದ ಮಾತ್ರ ಡಬ್ಬಿಯೊಳಗೆ, ಅವನ ಅಂಗಿಯ ಜೇಬಿನಲ್ಲೇ ಇತ್ತು. ಊಟದ ಮೇಜಿನ ಬಳಿ ಎದ್ದುನಿಂತು ಅಪ್ಪನಾದವನು ಮಗಳ ಬಗ್ಗೆ ನಾಲ್ಕು ಮಾತಾಡಬೇಕು. ಇದನ್ನು ಬೇರೆಯವರು ಮಾಡಿದರೆ ಆ ಊರಲ್ಲಿ ಅದು ವರ್ಷಗಟ್ಟಲೆ ನೆನಪಿರುತ್ತದೆ.

ಸಿಗ್ವೆಯ ಮನೆಯಲ್ಲಿ ಅದು ಆಗಲೇ ಒಮ್ಮೆ ಆಗಿತ್ತು. ಮಗನ ದೃಢೀಕರಣದ ದಿನ ಅವನು ಬ್ರೆಜಿಲ್ ಕಡಲಿನಲ್ಲಿ ಇಂಥದ್ದೇ ಡಬ್ಬಿಯಲ್ಲಿದ್ದ. ಹೆಂಡತಿ ಯೊರುನ್‌ಳ ಸೋದರಮಾವ ಎದ್ದು ಭಾಷಣ ಮಾಡಿದ. ಹುಡುಗ ಹುಟ್ಟಿದ ತಿಂಗಳನ್ನೇ ತಪ್ಪು ಹೇಳಿದ. ಈ ಜನವರಿಯಲ್ಲಿ ಸುನ್ನಿವಾ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಕಂದು ಚೀಸು ಹೆರೆಯುತ್ತ, ತಲೆಯೆತ್ತದೆ ಹೇಳಿದ್ದಳು:

"ಬರ್ತೀಯಾ ಅಂತ ಕೇಳ್ತಿಲ್ಲಪ್ಪ. ಬರಲ್ಲ ಅಂತಿದ್ರೆ ಈಗ್ಲೇ ಹೇಳ್ಬಿಡು. ಆ ಮಾವನ ಬಾಯಿಗೆ ನಾನು ಸಿಗಲ್ಲ."

ಬರುತ್ತೇನೆ ಎಂದು ಸಿಗ್ವೆ ಮಾತು ಕೊಟ್ಟಿದ್ದ. ಅವನು ಮಾತು ಕೊಡುವುದು ಕಡಿಮೆ.

ಎರಡು ಬಾಗಿಲಿನ ಸಣ್ಣ ಗೂಡಿನ ಮೂಲಕ ಕಾಫಿ ಒಳಗೆ ಬಂತು. ಗೂಡಿಗೆ ಏನು ಇಟ್ಟರೂ ಮುಚ್ಚಳ ಸಡಿಲಿಸಿ ಇಡಬೇಕು, ಇಲ್ಲದಿದ್ದರೆ ಒತ್ತಡಕ್ಕೆ ಜಜ್ಜಿಹೋಗುತ್ತದೆ. ಸಿಗ್ವೆ ಲೋಟ ತೆಗೆದುಕೊಳ್ಳುವುದನ್ನು ಹೊರಗೆ ಪರದೆಯ ಮುಂದೆ ಕೂತ ಉನ್ನಿ ನೋಡುತ್ತಿದ್ದಳು. ಡಬ್ಬಿಯ ಗಾಳಿ, ಬಿಸಿ, ನೀರು ಎಲ್ಲ ಅವಳ ಕೈಯಲ್ಲಿ. ಹೀಲಿಯಂ ಉಸಿರಾಡುವವರ ಬಾತುಕೋಳಿ ದನಿಯನ್ನು ಯಂತ್ರದ ನೆರವಿಲ್ಲದೆ ತಿಳಿದುಕೊಳ್ಳುವಷ್ಟು ವರ್ಷ ಆ ಕುರ್ಚಿಯಲ್ಲಿ ಸವೆಸಿದವಳು.

"ಕಾಲಿಗೇನಾಯ್ತು?" ಎಂದಳು.

"ಏಣಿ ತಾಗ್ತು."

"ಬರ್ಕೊಂಡೆ. ಇನ್ಮೇಲೆ ಅರ್ಧ ಗಂಟೆಗೊಂದ್ಸಲ ಕೇಳ್ತೀನಿ. ಎಷ್ಟು ಸಲ ಏಣಿ ಅಂತೀಯೋ ನೋಡೋಣ."

ಎಂಟೂವರೆಗೆ ಕೇಳಿದಳು. ಏಣಿ ಎಂದ. ಎದುರು ಮಂಚದಲ್ಲಿ ಡೂಗಲ್ ಪದಬಂಧ ಬಿಡಿಸುತ್ತಿದ್ದ.

"ಏಣಿಗೆ ಈಗ ಹೇಗಿದೆಯಂತೆ?" ಎಂದು ಕೇಳಿದ.

ಸಿಗ್ವೆ ಬೆರಳಲ್ಲಿ ತಾಸು ಎಣಿಸುತ್ತಿದ್ದ. ಡೂಗಲ್‌ನ ವಿಮಾನ ಸೋಮವಾರ ಬೆಳಗ್ಗೆ. ತಡವಾದರೆ ಅದೂ ತಪ್ಪುತ್ತದೆ. ಕೀಲು ನೋವೆಂದರೆ ರಕ್ತದಲ್ಲಿ ನೊರೆಯೇಳುತ್ತಿರುವ ಗುರುತು; ಒಬ್ಬ ನೋವೆಂದರೆ ಅದನ್ನು ಅಡಗಿಸಲು ಮೂವರಿಗೂ ಒತ್ತಡ ಮತ್ತೆ ಏರುತ್ತದೆ. ಡಬ್ಬಿಯಲ್ಲಿ ಒಬ್ಬನ ಮೊಣಕಾಲು ಒಬ್ಬನದಲ್ಲ.

"ನನ್ನ ವಿಮಾನದ ಲೆಕ್ಕ ಹಾಕ್ಬೇಡ ಮಾರಾಯ," ಎಂದ ಡೂಗಲ್, ಪೆನ್ಸಿಲ್ ಎತ್ತದೆ. "ಅಲ್ಲಿ ಹೋದ್ರೂ ಮನೇಲಿ ಬಣ್ಣ ಹೊಡೆಯೋ ಕೆಲ್ಸ ಕಾದಿದೆ. ನೀನು ತಡ ಮಾಡಿದಷ್ಟೂ ನಂಗೆ ಪುಣ್ಯ."

ಸಿಗ್ವೆ ಕೊಪರ್ವಿಕ್ ಪಕ್ಕದ ಒಕ್ರಹಾಮ್ನ್ ಊರಿನವನು. ಅಜ್ಜ ಹೆರಿಂಗ್ ಮೀನು ಹಿಡಿದ. ಅಪ್ಪ ತೊರ್ಲೈಫ್ ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕ ಹೊಸದರಲ್ಲಿ ಮುಳುಗುಗಾರನಾದ. ಸಿಗ್ವೆ ನೌಕಾಪಡೆಯಲ್ಲಿ ಮುಳುಗುವುದನ್ನು ಕಲಿತು, ಇಪ್ಪತ್ತಾರನೆಯ ವಯಸ್ಸಿನಿಂದ ಇದೇ ಕಂಪನಿಯಲ್ಲಿದ್ದಾನೆ. ಮಾತು ಕಡಿಮೆ, ಕೈ ಚುರುಕು. ತಳದಲ್ಲಿ ಕಣ್ಣಿಗೆ ಕೈ ಕಾಣದ ಕೆಸರಲ್ಲೂ ಬೋಲ್ಟಿನ ಅಳತೆಯನ್ನು ಬೆರಳಲ್ಲೇ ಹೇಳುತ್ತಾನೆ. ಅವನ ಬೆನ್ನ ಹಿಂದೆ ಸದಾ ರೋಬೋ ತೇಲುತ್ತ ನಿಂತು ದೀಪ ಹಿಡಿಯುತ್ತದೆ. ಅದನ್ನು ನಡೆಸುವವರು ಅದಕ್ಕಿಟ್ಟ ಹೆಸರು ಮುದುಕಿ. ದೀಪ ಸ್ವಲ್ಪ ಆಚೀಚೆಯಾದರೆ ಸಿಗ್ವೆ ಕೈಯೆತ್ತಿ ಗದರುತ್ತಾನೆ, ಅದು ಸರಿದು ನಿಲ್ಲುತ್ತದೆ. ಇನ್ನು ಕೆಲವು ವರ್ಷಕ್ಕೆ ಕವಾಟವನ್ನೂ ಮುದುಕಿಯೇ ತಿರುಗಿಸುತ್ತಾಳೆ ಎಂದು ಕಂಪನಿ ಹೇಳುತ್ತಿದೆ. ರೋಬೋ ನಡೆಸುವ ತರಬೇತಿಯ ಅರ್ಜಿ ಅವನ ಮೇಜಿನ ಖಾನೆಯಲ್ಲಿ ಎರಡು ವರ್ಷದಿಂದ ಮಲಗಿದೆ. ಹೋಗು, ಕುರ್ಚಿಯಲ್ಲಿ ಕೂತು ದುಡಿ, ಮುದುಕಿಗೆ ಕೆಡಲು ಮೊಣಕಾಲಾದರೂ ಇಲ್ಲ ಎಂದು ಯೊರುನ್ ಹೇಳಿ ಹೇಳಿ ಸುಮ್ಮನಾಗಿದ್ದಳು.

ಒಂಬತ್ತಕ್ಕೆ ಉನ್ನಿ ಮತ್ತೆ ಕೇಳಿದಳು. ಈ ಸಲ ಅವನು ಏಣಿಯೆಂಬ ಮಾತನ್ನೂ ಆಡಲಿಲ್ಲ, ಹೆಬ್ಬೆರಳೆತ್ತಿ ತೋರಿಸಿದ. ನೋವು ಈಗ ಮೊಣಕಾಲ ಹಿಂಬದಿಗೆ ಹರಡಿತ್ತು. ಇನ್ನು ಇಪ್ಪತ್ತೊಂದು ತಾಸು. ಇದಕ್ಕಿಂತ ಹೆಚ್ಚಿನ ಹಲ್ಲುನೋವನ್ನು ಕಚ್ಚಿ ಹಿಡಿದಿದ್ದೇನೆ ಎಂದುಕೊಂಡ. ಚರ್ಚು, ಊಟ, ಭಾಷಣ ಮುಗಿಸಿ ಸಂಜೆ ಹೇಳಿದರಾಯಿತು. ಎಷ್ಟು ಜನ ಹಾಗೆ ಮಾಡಿಲ್ಲ?

ಅಪ್ಪ ಮಾಡಿದ್ದ. ಸಿಗ್ವೆಗೆ ಆಗ ಎಂಟು ವರ್ಷ. ಕ್ರಿಸ್ಮಸ್ ಹಿಂದಿನ ದಿನ ದಡಕ್ಕೆ ಹೊರಟ ಹೆಲಿಕಾಪ್ಟರ್ ತಪ್ಪಬಾರದೆಂದು ತೊರ್ಲೈಫ್ ಬಲ ಭುಜದ ನೋವನ್ನು ಬಾಯಿಬಿಟ್ಟು ಹೇಳಲಿಲ್ಲ. ಮನೆಗೆ ಬಂದ. ಎಲ್ಲರೂ ಮರದ ಸುತ್ತ ನಿಂತಾಗ ತುದಿಗೆ ನಕ್ಷತ್ರ ಸಿಕ್ಕಿಸಲು ಕೈ ಎತ್ತಿದ. ಕೈ ಭುಜದವರೆಗೆ ಬಂದು ನಿಂತಿತು. ಮುಂದೆ ಹೋಗಲಿಲ್ಲ. ನಗುತ್ತ ನಕ್ಷತ್ರವನ್ನು ಪಕ್ಕದ ಮನೆಯವನ ಕೈಗೆ ಕೊಟ್ಟ. ಭುಜದ ಮೂಳೆ ಒಳಗೇ ಸತ್ತಿತ್ತು ಎಂದು ವೈದ್ಯರು ಹೇಳಿದ್ದು ಬೇಸಿಗೆಯಲ್ಲಿ. ಆ ಕ್ರಿಸ್ಮಸ್ಸಿಗೆ ಅಪ್ಪ ಬಂದನೆಂದು ಸಿಗ್ವೆಗೆ ಖುಷಿಯಾಗಿತ್ತು, ಅದು ಸುಳ್ಳಲ್ಲ. ಆದರೆ ಆಮೇಲಿನ ನಲವತ್ತು ಕ್ರಿಸ್ಮಸ್ಸುಗಳಲ್ಲೂ ನಕ್ಷತ್ರವನ್ನು ಬೇರೆ ಯಾರೋ ಸಿಕ್ಕಿಸಿದರು.

ಒಂಬತ್ತೂವರೆಗೆ ಉನ್ನಿ ಕೇಳುವ ಮುಂಚೆಯೇ ಅವನು ಹೊರಗಿನವರನ್ನು ಕರೆಯುವ ಗುಂಡಿ ಒತ್ತಿದ.

"ಮೊಣಕಾಲು, ಉನ್ನಿ."

"ಯಾವಾಗಿಂದ?"

"ಕಾಫಿಯಿಂದ."

ಅವಳು ಬೈಯಲಿಲ್ಲ. ಆಗಲೇ ಇನ್ನೊಂದು ಫೋನನ್ನು ಕಿವಿಗಿಟ್ಟು ವೈದ್ಯರನ್ನು ಕರೆಯುತ್ತಿದ್ದಳು. ಹತ್ತು ನಿಮಿಷದಲ್ಲಿ ಒತ್ತಡ ಮತ್ತೆ ಏರಿತು. ಕಿವಿ ತುಂಬಿತು, ಡಬ್ಬಿ ಬಿಸಿಯಾಯಿತು, ಮೂಗಿಗೆ ಮುಖವಾಡ ಕಟ್ಟಿ ಆಮ್ಲಜನಕ ಹೆಚ್ಚಿದ್ದ ಗಾಳಿ ಕೊಟ್ಟರು. ಇಪ್ಪತ್ತೈದು ಮೀಟರಿಗೆ ತಲುಪುವಷ್ಟರಲ್ಲಿ ಹೆಬ್ಬೆರಳು ಮೊಣಕಾಲನ್ನು ಬಿಟ್ಟಿತ್ತು. ಬಾಗಿಲು ತೆರೆಯುವ ಹೊಸ ಹೊತ್ತನ್ನು ಉನ್ನಿ ಓದಿ ಹೇಳಿದಳು: ಸೋಮವಾರ ಮಧ್ಯಾಹ್ನ ಮೂರು. ಎಸ್ಪೆನ್‌ಗೆ ಇದೆಲ್ಲ ತಿಳಿದದ್ದು ಮಧ್ಯಾಹ್ನ ಊಟಕ್ಕೆ ಎಬ್ಬಿಸಿದಾಗ. ಹಾಗಾದರೆ ಸಂಜೆ ಮೀನಿನ ಸೂಪೇ ಮತ್ತೆ ಬರುತ್ತದಾ ಎಂದಷ್ಟೇ ಕೇಳಿದ.

ಮನೆಗೆ ಫೋನು ಮಾಡುವುದು ಮೊಣಕಾಲಿಗಿಂತ ಕಷ್ಟವಾಯಿತು. ಯೊರುನ್ ಕೇಳಿಸಿಕೊಂಡಳು. ನೋವು ಹೋಯಿತೇ ಎಂದು ವಿಚಾರಿಸಿದಳು. ಹೋಯಿತು ಎಂದ. ಒಳ್ಳೆಯದು ಮಾಡಿದೆ ಎಂದಳು. ದನಿಯಲ್ಲಿ ಒಳ್ಳೆಯದೇನೂ ಇರಲಿಲ್ಲ. ಸುನ್ನಿವಾ ಫೋನಿಗೆ ಬರಲಿಲ್ಲ. ಕೂದಲು ಕಟ್ಟಿಸಿಕೊಳ್ಳಲು ಹೋಗಿದ್ದಾಳೆ ಎಂದು ಯೊರುನ್ ಹೇಳಿದಾಗ, ಹಿಂದೆ ಕೋಣೆಯ ಬಾಗಿಲು ಮುಚ್ಚಿದ ಸದ್ದು ಅವನಿಗೆ ಕೇಳಿಸಿತು.

ಭಾನುವಾರ ಹನ್ನೊಂದಕ್ಕೆ ಅವನು ಮಂಚದ ಮೇಲೆ ಕೂತು ಗಡಿಯಾರ ನೋಡಿದ. ಡೂಗಲ್ ಪದಬಂಧ ಮಡಚಿಟ್ಟು ಗೋಡೆಗೆ ತಿರುಗಿ ಮಲಗಿದ.

ನಾಲ್ಕು ಗಂಟೆಗೆ ಹೊರಗೆ ಏನೋ ಗಜಿಬಿಜಿ. ತಟ್ಟೆಯಗಲದ ದಪ್ಪ ಗಾಜಿನ ಕಿಟಕಿಯ ಆಚೆ ಯಾರೋ ನಿಂತಂತಾಯಿತು. ಆ ಕಡೆ ಕತ್ತಲು. ಬೆಳ್ಳಿಯ ಬಿಲ್ಲೆಯೊಂದು ಮಿನುಗಿ ಮರೆಯಾದದ್ದಷ್ಟೇ ಕಂಡದ್ದು. ಉನ್ನಿಯ ದನಿ ಬಂತು: "ತಡಿ. ರೋಬೋದವ್ರು ದೀಪ ತರ್ತಿದ್ದಾರೆ."

ಮುದುಕಿಯ ಹಣೆಯ ಮೇಲಿನ ದೀಪವನ್ನು ಅವರು ಬಿಚ್ಚಿ ತಂದಿದ್ದರು. ನೀರಿನಲ್ಲಿ ಉರಿಯಲು ಮಾಡಿದ ದೀಪ ಅದು. ಬಯಲಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಉರಿದರೆ ಬಿಸಿಯೇರಿ ಕೆಡುತ್ತದೆ. ಹೊತ್ತಿಸಿದರು. ಕಡಲ ತಳದಲ್ಲಿ ಹನ್ನೊಂದು ದಿನ ಸಿಗ್ವೆಯ ಕೈಗಳ ಮೇಲೆ ಬಿದ್ದ ಅದೇ ಬಿಳಿ ಬೆಳಕಿನಲ್ಲಿ ಸುನ್ನಿವಾ ನಿಂತಿದ್ದಳು. ಹಬ್ಬಹರಿದಿನಕ್ಕೆ ಉಡುವ ಆ ಸೀಮೆಯ ಸಾಂಪ್ರದಾಯಿಕ ಉಡುಪು, ಹೊಸ ಬುನಾದ್ ಉಟ್ಟಿದ್ದಳು. ಎದೆಯ ಮೇಲೆ ಅಜ್ಜಿಯ ಬೆಳ್ಳಿ, ಕೂದಲನ್ನು ಎತ್ತಿ ಕಟ್ಟಿದ್ದಳು. ಅವಳ ಹಿಂದೆ ಯೊರುನ್, ಅವರ ಹಿಂದೆ ಎಡಗೈಯಲ್ಲಿ ಗೋಡೆ ಹಿಡಿದು ಅಪ್ಪ ತೊರ್ಲೈಫ್. ಸುನ್ನಿವಾ ಫೋನು ತೆಗೆದುಕೊಂಡಳು.

"ಮಾವ ಎದ್ದು ನಿಂತಿದ್ದ," ಎಂದಳು. "ನಾನು ಕೂತ್ಕೊಳಿ ಅಂದೆ. ಭಾಷಣ ಹಡಗಲ್ಲಿದೆ, ಊಟ ಆದ್ಮೇಲೆ ಹೋಗಿ ಕೇಳ್ತೀವಿ ಅಂದೆ. ಓದು."

ಸಿಗ್ವೆ ಕಾಗದ ಬಿಡಿಸಿದ. ದನಿ ಸರಿಪಡಿಸುವ ಯಂತ್ರ ಹಾಕಲೇ ಎಂದು ಉನ್ನಿ ಕೇಳಿದಳು. ಬೇಡ ಎಂದು ಸುನ್ನಿವಾ ತಲೆಯಾಡಿಸಿದಳು. ಅವನು ಬಾತುಕೋಳಿಯ ದನಿಯಲ್ಲೇ ಓದಿದ: ಅವಳು ಹುಟ್ಟಿದ್ದು ಫೆಬ್ರವರಿಯಲ್ಲಿ, ಹಿಮದ ರಾತ್ರಿ, ನಾಲ್ಕನೆಯ ವಯಸ್ಸಿನಲ್ಲಿ ದೋಣಿಕಟ್ಟೆಯಿಂದ ಬಿದ್ದು ತಾನೇ ಈಜಿ ಬಂದಳು, ಬಂದು ಮೊದಲು ಕೇಳಿದ್ದು ತನ್ನ ಇನ್ನೊಂದು ಬೂಟು ಎಲ್ಲಿ ಎಂದು. ಯೊರುನ್ ನಗು ತಡೆಯಲಾಗದೆ ಗೋಡೆಗೆ ತಿರುಗಿದಳು. ಅರ್ಧಕ್ಕೆ ದೀಪ ಆರಿಸಿದರು. ಅವನು ಕತ್ತಲ ಗಾಜಿಗೇ ಓದುತ್ತ ಹೋದ. ಮತ್ತೆ ಹೊತ್ತಿಸಿದಾಗ ಸುನ್ನಿವಾಳ ಮೂಗು ಕೆಂಪಾಗಿತ್ತು.

ಗೂಡಿನ ಮೂಲಕ ಕೇಕು ಕಳಿಸಿದರು. ಬಾಗಿಲು ತೆರೆದಾಗ ಕೆನೆಯೆಲ್ಲ ಒತ್ತಡಕ್ಕೆ ಕುಸಿದು ರೊಟ್ಟಿಯಂತಾಗಿತ್ತು. "ಇದರ ಮೇಲೆ ಯಾರು ಕೂತಿದ್ದು?" ಎಂದು ಡೂಗಲ್ ಕೇಳಿ, ದೊಡ್ಡ ತುಂಡನ್ನೇ ತೆಗೆದುಕೊಂಡ.

"ಇನ್ನೊಂದ್ಸಲ ಹಚ್ಬೋದು, ಅಷ್ಟೇ," ಎಂದ ದೀಪ ಹಿಡಿದವನು. "ಮುದುಕಿ ಬಯ್ತಾಳೆ."

ಸುನ್ನಿವಾ ಗಾಜಿಗೆ ಹಣೆ ಒತ್ತಿದಳು. "ಅಪ್ಪ, ಕಾಲು ಮಡಚು ನೋಡೋಣ."

ಸಿಗ್ವೆ ಮಂಚದ ಅಂಚಿನಲ್ಲಿ ಕೂತು ಎಡಗಾಲನ್ನು ಎದೆಯವರೆಗೆ ಮಡಚಿದ. ನೇರ ಮಾಡಿದ. ಮತ್ತೆ ಮಡಚಿದ. ಹಿಂದೆ ನಿಂತಿದ್ದ ತೊರ್ಲೈಫ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕುತ್ತಿಗೆ ಚಾಚಿ, ದೀಪ ಆರುವವರೆಗೂ, ಆ ಮೊಣಕಾಲನ್ನೇ ನೋಡಿದ.