ಯಾವ ಎಣ್ಣಿ?

2005ರಲ್ಲಿ ನಾನು ಸಾವಯವ ದೃಢೀಕರಣ ಸಂಸ್ಥೆಯೊಂದರಲ್ಲಿ ಫೀಲ್ಡ್ ಇನ್‌ಸ್ಪೆಕ್ಟರ್ ಆಗಿದ್ದೆ. ಇನ್‌ಸ್ಪೆಕ್ಟರ್ ಎಂದೊಡನೆ ಹಳ್ಳಿಯವರು ಲಾಠಿ ಹುಡುಕುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಒಂದು ಫೈಲು, ಅಳತೆಯ ಟೇಪು ಮತ್ತು ಬುತ್ತಿಯ ಡಬ್ಬಿ. ಚಿತ್ತಾಪುರದ ಮನೆಯಿಂದ ಹೊರಟು ಸೇಡಂ, ಚಿಂಚೋಳಿ ಕಡೆಯ ಹೊಲಗಳಿಗೆ ಬಸ್ಸು ಹೋಗುವಷ್ಟು ದೂರ ಬಸ್ಸಿನಲ್ಲಿ, ಮುಂದೆ ನಡೆದುಕೊಂಡು ಹೋಗುತ್ತಿದ್ದೆ. ರೈತ ರಾಸಾಯನಿಕ ಗೊಬ್ಬರ, ಕೀಟನಾಶಕ ಬಳಸಿಲ್ಲ ಎಂಬುದನ್ನು ನೋಡಿ, ಕೇಳಿ, ಬರೆದು ತರುವುದು ನನ್ನ ಕೆಲಸ, ತೀರ್ಮಾನ ಕಚೇರಿಯದು.

ಮೂರು ನಿಯಮಗಳನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ರೈತನಿಗೆ ಸಲಹೆ ಕೊಡಬಾರದು, ಅವನ ಕೆಲಸಕ್ಕೆ ಕೈಹಚ್ಚಬಾರದು, ಅವನಲ್ಲಿ ಉಣ್ಣಬಾರದು. ಉಂಡ ಮೇಲೆ ಪೆನ್ನು ಮೆತ್ತಗಾಗುತ್ತದೆ ಎಂಬುದು ಅದರ ತರ್ಕ. ಹಾಗಾಗಿ ದಿನವಿಡೀ ಜನರೊಂದಿಗೆ ಮಾತಾಡಿಯೂ ಮಧ್ಯಾಹ್ನ ನಾನೊಬ್ಬನೇ ಯಾವುದೋ ಮರದ ಕೆಳಗೆ ಡಬ್ಬಿ ಬಿಚ್ಚುತ್ತಿದ್ದೆ. ಆ ಹೊತ್ತು ನನಗೆ ಎಂದೂ ಒಗ್ಗಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಕುಂಚಾವರಂ ಕಾಡಿನ ಅಂಚಿನಲ್ಲಿದ್ದ ಸಿದ್ರಾಮಪ್ಪನವರ ಹೊಲಕ್ಕೆ ಹೋದೆ. ನಾಲ್ಕು ಎಕರೆ ತೊಗರಿ. ಅರವತ್ತು ದಾಟಿದ ಮನುಷ್ಯ. ಹಿಂದೊಮ್ಮೆ ಕೀಟನಾಶಕ ಹೊಡೆಯುವಾಗ ಹೆಂಡತಿ ನಾಗಮ್ಮ ಹೊಲದಲ್ಲೇ ಬಿದ್ದಿದ್ದರಂತೆ. ಅಂದಿನಿಂದ ಗಂಡ ಹೆಂಡತಿ ಇಬ್ಬರೂ ವಿಷ ಬಿಟ್ಟಿದ್ದರು. ಊರವರು ನಕ್ಕರು. ತಮ್ಮ ತೊಗರಿಯಲ್ಲಿ ವಿಷ ಇಲ್ಲ ಎಂದು ಒಂದು ಕಾಗದ ಬರಬೇಕು, ಅದರ ಮೇಲೆ ಸಿಕ್ಕಾ, ಅಂದರೆ ಮುದ್ರೆ, ಇರಬೇಕು ಎಂಬುದು ನಾಗಮ್ಮನ ಹಟ. ಅರ್ಜಿ ಹಾಕಿಸಿದ್ದೂ ಆಕೆಯೇ. ಅರ್ಜಿಯಿಂದ ಪ್ರಮಾಣಪತ್ರದವರೆಗಿನ ಕಾಯುವ ಅವಧಿ ಆ ವರ್ಷ ಮುಗಿಯುವುದಿತ್ತು. ಆದರೆ ನಾಗಮ್ಮ ಶ್ರಾವಣದಲ್ಲೇ ತೀರಿಕೊಂಡಿದ್ದರು.

ಸಿದ್ರಾಮಪ್ಪ ಹೊಲವನ್ನೆಲ್ಲ ತೋರಿಸಿದರು, ಬೇಕಾದ್ದಕ್ಕಿಂತ ನಿಧಾನವಾಗಿ. ಮಾತಿಗೆ ಮನುಷ್ಯ ಸಿಕ್ಕು ಬಹಳ ದಿನವಾಗಿತ್ತೆಂದು ಕಾಣುತ್ತದೆ. ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಿದವರು ನನ್ನ ಡಬ್ಬಿ ನೋಡಿ, "ನೀವು ಆಚಾರ್ರು. ನಮ್ಮಲ್ಲಿ ಉಣ್ಣಂಗಿಲ್ಲ, ನನಗ ಗೊತ್ತದರಿ," ಎಂದರು. ನಮ್ಮದು ವೈಷ್ಣವರ ಮನೆ, ತಂದೆ ಗುಡಿಯ ಪೂಜೆ ಮಾಡುತ್ತಿದ್ದವರು, ಅದು ನಿಜ. ಆದರೆ ನಾನು ಉಣ್ಣದಿದ್ದದ್ದು ಸಂಸ್ಥೆಯ ನಿಯಮಕ್ಕೆ. ಅದನ್ನು ಬಿಡಿಸಿ ಹೇಳಲು ಸೋಮಾರಿತನ ಮಾಡಿ ಸುಮ್ಮನಿದ್ದೆ.

ಬಸ್ಸಿನ ಹೊತ್ತಾಗಿತ್ತು. ನಮೂನೆಯ ಕೊನೆಯ ಪುಟ ತೆಗೆದು, ಬೆಳೆಗೆ ಏನಾದರೂ ಸಿಂಪಡಿಸಿದ್ದೀರಾ ಎಂದು ಕೇಳಿದೆ.

"ಒಂದೇ ಸಲ ಎಣ್ಣಿ ಹೊಡದೀನ್ರಿ," ಎಂದರು. "ಒಬ್ಬಾಂವ ಏನ್ ಮಾಡ್ಲಿ?"

ನನ್ನ ಕೈ ನಿಂತಿತು. ನಮ್ಮ ಕಡೆ ಹೊಲದ ಮಾತಿನಲ್ಲಿ ಎಣ್ಣಿ ಎಂದರೆ ಕೀಟನಾಶಕ. ಅಂಗಡಿಯಲ್ಲಿ ತೊಗರಿಗೆ ಎಣ್ಣಿ ಕೊಡ್ರಿ ಎಂದರೆ ಯಾರೂ ಕುಸುಬಿ ಎಣ್ಣೆ ಕೊಡುವುದಿಲ್ಲ. ಬೆಂಗಳೂರಿನಿಂದ ಬಂದವನಾಗಿದ್ದರೆ ಯಾವ ಎಣ್ಣೆ ಎಂದು ಕೇಳುತ್ತಿದ್ದನೇನೋ. ನಾನು ಇಲ್ಲಿಯವನೇ, ಕೇಳಲಿಲ್ಲ. 'ನಿಷೇಧಿತ ಕೀಟನಾಶಕ, ಒಂದು ಬಾರಿ, ರೈತನೇ ಒಪ್ಪಿಕೊಂಡಿದ್ದಾನೆ' ಎಂದು ಇಂಗ್ಲಿಷಿನಲ್ಲಿ ಬರೆದೆ. ರೈತನೇ ಒಪ್ಪಿಕೊಂಡ ಮೇಲೆ ಕಾಳನ್ನು ಲ್ಯಾಬಿಗೆ ಕಳಿಸುವ ಪ್ರಶ್ನೆಯೂ ಇರಲಿಲ್ಲ. ಅವರು ನಂಬಿ ಹೆಬ್ಬೆಟ್ಟು ಒತ್ತಿದರು. ಕಾಯುವ ಅವಧಿ ಮೊದಲಿನಿಂದ ಆರಂಭ ಎಂದು ಕಚೇರಿಯಿಂದ ಅವರಿಗೆ ಪತ್ರ ಹೋಯಿತು.

ಮರುವರ್ಷ ಡಿಸೆಂಬರಿನ ಮೊದಲ ವಾರವೇ ಮತ್ತೆ ಹೋದೆ. ಸಿದ್ರಾಮಪ್ಪ ಸಾಲಿನ ನಡುವೆ ಬಗ್ಗಿ ನಡೆಯುತ್ತಿದ್ದುದು ಬದುವಿನಿಂದಲೇ ಕಂಡಿತು. ಸೊಂಟಕ್ಕೆ ಹಗ್ಗ, ಹಗ್ಗದ ತುದಿಗೆ ತಾಡಪತ್ರಿ, ಅಂದರೆ ಟಾರ್ಪಾಲಿನ್ ಹಾಸು. ನಾಲ್ಕು ಹೆಜ್ಜೆ ಎಳೆದು ನಿಲ್ಲುವುದು, ಹಿಂದಿರುಗಿ ತಾಡಪತ್ರಿಯನ್ನು ಗಿಡದ ಬುಡಕ್ಕೆ ಸರಿಸುವುದು, ಗಿಡ ಹಿಡಿದು ಅಲುಗಿಸುವುದು. ಕಾಯಿಕೊರಕ ಹುಳಗಳು ಪಟಪಟ ಉದುರುತ್ತಿದ್ದವು. ತೊಗರಿಯ ಹುಳಕ್ಕೆ ಇದು ನಮ್ಮ ಕಡೆಯ ಹಳೆಯ ಉಪಾಯ. ಆದರೆ ಇಬ್ಬರಾದರೂ ಬೇಕು, ಒಬ್ಬರು ಅಲುಗಿಸಲು, ಒಬ್ಬರು ಹಾಸು ಎಳೆಯಲು.

"ಇದೇನ್ರಿ, ಒಬ್ಬರೇ ಮಾಡಾಕತ್ತೀರಿ?" ಎಂದೆ.

"ಹೋದ ವರ್ಷ ಕೈಲೆ ಆಗಂಗಿಲ್ಲಂತ ಎಣ್ಣಿ ಹೊಡದೆ. ಅದಕ್ಕ ಸಿಕ್ಕಾ ಬೀಳಲಿಲ್ಲ. ಈ ಸಲ ಬಿಟ್ಟೀನ್ರಿ. ಕೈಲೇ ಉದುರಿಸಾಕತ್ತೀನಿ." ಬೆನ್ನು ನೆಟ್ಟಗೆ ಮಾಡಿ ಮುಂದುವರಿಸಿದರು. "ಮೊದಲು ಆಕಿ ತಾಡಪತ್ರಿ ಎಳೀತಿದ್ದಳು. ನಾ ಗಿಡ ಹಿಡೀತಿದ್ದೆ. ಬೇವಿನೆಣ್ಣಿನೂ ನಡಿಯಂಗಿಲ್ಲಂತ ನಮಗೇನು ಗೊತ್ತಿತ್ತರಿ?"

"ಬೇವಿಂದಾ?"

"ಮತ್ಯಾವುದರಿ? ಬೀಜ ನಾನೇ ಆರಿಸಿದ್ದು. ಊರಾಗಿನ ಗಾಣದಾಗ ತೆಗಿಸಿದ್ದು."

ಬೇವಿನೆಣ್ಣೆ ನಮ್ಮ ನಿಯಮದಲ್ಲಿ ಒಪ್ಪಿತವಾದದ್ದು. ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ಎರಡೇ ಪದದ ಒಂದು ಪ್ರಶ್ನೆ ಕೇಳದೆ ಆ ಮನುಷ್ಯನಿಂದ ಒಂದು ವರ್ಷ ಕಿತ್ತುಕೊಂಡಿದ್ದೆ, ಸೊಂಟಕ್ಕೆ ಹಗ್ಗವನ್ನೂ ಕಟ್ಟಿದ್ದೆ. ನಾಚಿಕೆಯಾಯಿತು. ತಪ್ಪು ನನ್ನದೆಂದು ಹೇಳಿದೆ. ಅವರು ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. "ಹಂಗಾದ್ರ ಆಕಿ ಹೇಳಿದ್ದು ಖರೇನೇ ಇತ್ತು," ಎಂದಷ್ಟೇ ಹೇಳಿದರು. ಬೇವಿನೆಣ್ಣೆ ಹೊಡೆಯುವ ಉಪಾಯ ನಾಗಮ್ಮ ಸಾಯುವ ಮುಂಚೆ ಹೇಳಿಹೋದದ್ದಂತೆ.

ಫೈಲು ಬದುವಿನ ಮೇಲಿಟ್ಟು ಅವರ ಸೊಂಟದ ಹಗ್ಗ ಬಿಚ್ಚಿದೆ. ಸಂಜೆವರೆಗೆ ನಾನು ತಾಡಪತ್ರಿ ಎಳೆದೆ, ಅವರು ಗಿಡ ಅಲುಗಿಸಿದರು. ಮಧ್ಯಾಹ್ನ ಅವರ ರೊಟ್ಟಿ, ಪುಂಡಿಪಲ್ಯವನ್ನೇ ಉಂಡೆ. ಒಂದು ರೊಟ್ಟಿ ಕೈಗಿಟ್ಟವರು ನಾನು ಮುರಿಯುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದರು.

ಮರುದಿನ ಗಾಣದವನ ಹೇಳಿಕೆ ಬರೆಸಿಕೊಂಡೆ. ವರದಿಯಲ್ಲಿ ಹಿಂದಿನ ವರ್ಷದ ತಪ್ಪು ನನ್ನದೆಂದು ಬರೆದೆ. ಕೆಲಸಕ್ಕೆ ಕೈಹಚ್ಚಿದ್ದನ್ನೂ, ಉಂಡದ್ದನ್ನೂ ಬರೆದೆ. ಬರೆಯದೆ ಬಿಡಬಹುದಿತ್ತು, ಆದರೆ ಒಮ್ಮೆ ಸುಮ್ಮನಿದ್ದದ್ದು ಸಾಕಾಗಿತ್ತು. ಕಚೇರಿ ಇನ್ನೊಬ್ಬರನ್ನು ಕಳಿಸಿ ವಿಚಾರಿಸಿ, ಕಳೆದ ವರ್ಷವನ್ನು ಲೆಕ್ಕಕ್ಕೆ ಹಿಡಿದು ಸಿದ್ರಾಮಪ್ಪನವರಿಗೆ ಸಿಕ್ಕಾ ಇದ್ದ ಕಾಗದ ಕೊಟ್ಟಿತು. ನನಗೂ ಒಂದು ಪತ್ರ ಬಂತು, ಆ ಹೊಲಕ್ಕೆ ಮುಂದೆ ಹೋಗಕೂಡದೆಂದು. ನಿಯಮದ ಪ್ರಕಾರ ಅದು ಸರಿಯೇ.

ಉತ್ತರ ಗೊತ್ತೇ ಇದೆ ಅನಿಸಿದ ಕಡೆಯಲ್ಲೇ ಇನ್ನೊಂದು ಪ್ರಶ್ನೆ ಕೇಳಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಆಮೇಲೆ ಯಾವ ಹೊಲದಲ್ಲೂ ಅದನ್ನು ಬಿಡಲಿಲ್ಲ. ಬುತ್ತಿಯನ್ನು ಮಾತ್ರ ನಿವೃತ್ತನಾಗುವವರೆಗೂ ಒಬ್ಬನೇ ಬಿಚ್ಚಿದೆ.

2007ರಲ್ಲಿ ಆ ಹೊಲಕ್ಕೆ ಹೋಗಿಬಂದ ಹೊಸ ಇನ್‌ಸ್ಪೆಕ್ಟರ್ ಹೆಣ್ಣುಮಗಳು ಕಚೇರಿಯಲ್ಲಿ ಸಿಕ್ಕಳು. ಮುದುಕಪ್ಪ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟಿಕೊಂಡು ಬದುವಿನ ಮೇಲೆ ಕಾಯುತ್ತಿದ್ದರಂತೆ. ನಾನು ಬರುವುದಿಲ್ಲ ಎಂದು ತಿಳಿದ ಮೇಲೆ ಒಂದು ಪಾಲನ್ನು ಅವಳ ಮುಂದಿಟ್ಟರಂತೆ.

"ನಾನು ಬೇಡ ಅಂದೆ ಸರ್," ಎಂದಳು.

"ಏನಂದರು?"

"'ಯಾಕವ್ವ, ನೀನೂ ಆಚಾರ್ರ ಪೈಕಿ ಏನು?' ಅಂದರು."